ಗುಡಿಯ ದಾರಿ ತೋರುವ ಹಲಗೆ

ಪುಣೆಯ ಆಸುಪಾಸಿನಲ್ಲಿ ಆಳಂದಿ ಎಂಬ ಹೆಸರಿನ ಊರುಗಳು ಎರಡಿವೆ. ಇಂದ್ರಾಯಣಿ ನದಿಯ ದಂಡೆಯ ಮೇಲಿರುವುದು ದೇವಾಚಿ ಆಳಂದಿ. ಜ್ಞಾನೇಶ್ವರ ಮಹಾರಾಜರು 1296ರಲ್ಲಿ ಸಂಜೀವನ ಸಮಾಧಿ ಹೊಂದಿದ ಕ್ಷೇತ್ರ ಅದು. ಶಹರದ ಉತ್ತರಕ್ಕೆ, ಖೇಡ ತಾಲೂಕಿನಲ್ಲಿದೆ. ಇನ್ನೊಂದು ಶಹರದ ಆಗ್ನೇಯಕ್ಕೆ, ಹವೇಲಿ ತಾಲೂಕಿನ ಮ್ಹಾತೋಬಾಚಿ ಆಳಂದಿ. ಅದನ್ನು ಜನ ಚೋರಾಚಿ ಆಳಂದಿ, ಅಂದರೆ ಕಳ್ಳನ ಆಳಂದಿ, ಎಂದೂ ಕರೆಯುತ್ತಾರೆ. ಪುಣೆ–ಮಿರಜ ರೈಲು ಮಾರ್ಗದಲ್ಲಿ ಫುರಸುಂಗಿ ದಾಟಿದ ಮೇಲೆ ‘ಆಳಂದಿ’ ಎಂಬ ಒಂದು ಸಣ್ಣ ನಿಲ್ದಾಣ ಬರುತ್ತದೆ. ಅದು ಈ ಎರಡನೆಯ ಆಳಂದಿಯ ಕಡೆಯದು. ಮಾವುಲಿಯ ದರ್ಶನಕ್ಕೆಂದು ಹೆಸರು ನೋಡಿ ಅಲ್ಲಿಗೆ ಟಿಕೀಟು ಕೊಂಡವನಿಗೂ ಸಮಾಧಿಗೂ ನಡುವೆ ಇಡೀ ಪುಣೆ ಶಹರವೇ ಇರುತ್ತದೆ.

ನಮ್ಮವರಿಗೆ ಇನ್ನೊಂದು ತೊಡಕುಂಟು. ಕಲಬುರ್ಗಿ ಜಿಲ್ಲೆಯ ಆಳಂದದಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವ ಬಂಧುಗಳು ಅನೇಕರು. ಲಾಡ್ಲೆ ಮಶಾಯಕರ ದರ್ಗಾ ಇರುವ ಊರು ಅದು. ಆಳಂದ, ಆಳಂದಿ ಎಂಬ ಎರಡು ಹೆಸರುಗಳಿಗೆ ಇಂಗ್ಲಿಷು ಬರವಣಿಗೆಯಲ್ಲಿ ಒಂದೇ ಒಂದು ಅಕ್ಷರದ ಅಂತರ. ಕನ್ನಡಕ್ಕೂ ಮರಾಠಿಗೂ ಸೇರಿದ ನಮ್ಮ ಳಕಾರವಂತೂ ಅಲ್ಲಿ ಲಕಾರವಾಗಿಯೇ ಹೋಗುತ್ತದೆ. ಹೊಸದಾಗಿ ಬಂದ ಹುಡುಗ ಹೆದ್ದಾರಿಯಲ್ಲಿ ಆ ಹೆಸರು ಕಂಡು ‘ನಮ್ಮೂರ ದಾರಿ ಇಲ್ಲೇ ಐತಿ’ ಎಂದು ಹಿಗ್ಗಿದರೆ ನಗಬೇಕಾದದ್ದೇನೂ ಇಲ್ಲ.

ಹೆಸರಿನ ವಿಷಯದಲ್ಲಿ ರೈಲ್ವೆಯವರು ಹಿಂದಿನಿಂದ ಒಂದು ಒಳ್ಳೆಯ ರೂಢಿ ಇಟ್ಟುಕೊಂಡಿದ್ದಾರೆ. ಸೊಲ್ಲಾಪುರ–ವಾಡಿ ಮಾರ್ಗದ ನಿಲ್ದಾಣಕ್ಕೆ ಅವರು ‘ಗಾಣಗಾಪುರ’ ಎಂದಷ್ಟೇ ಬರೆಯದೆ ‘ಗಾಣಗಾಪುರ ರೋಡ್’ ಎಂದು ಬರೆದಿದ್ದಾರೆ. ಕೊನೆಯ ಆ ಒಂದು ಮಾತಿನ ಅರ್ಥ: ದತ್ತನ ಸನ್ನಿಧಿ ಇಲ್ಲಿಲ್ಲ, ಇಲ್ಲಿಳಿದು ರಸ್ತೆ ಹಿಡಿಯಬೇಕು. ಸನ್ನಿಧಿ ಅಲ್ಲಿಂದ ಸುಮಾರು 20 ಕಿಲೋಮೀಟರು. ಯಾತ್ರಿಕನ ಹೊಟ್ಟೆ, ಕಾಲು, ಕಿಸೆ ಮೂರನ್ನೂ ಉಳಿಸುವ ಶಬ್ದ ಅದು. ನಮ್ಮ ಪಕ್ಕದ ಸಾಸವಡ ರೋಡ್ ನಿಲ್ದಾಣದ ಹೆಸರೂ ಇದೇ ಜಾತಿಯದು.

ಈಗ ಎಲ್ಲರ ಕೈಯಲ್ಲೂ ಮೊಬೈಲಿನ ನಕ್ಷೆ ಇದೆ, ಹಲಗೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಆದರೆ ನಕ್ಷೆಗೂ ಸರಿಯಾದ ಆಳಂದಿಯನ್ನೇ ಹೇಳಬೇಕಾಗುತ್ತದೆ. ಟೆಂಪೋ ನಡೆಸುವವನು ಚಕ್ರ ಬಿಟ್ಟು ಮೊಬೈಲು ಒತ್ತುತ್ತ ಕೂಡುವುದು ಸರಿಯಲ್ಲ. ರಾತ್ರಿ ಹನ್ನೊಂದಕ್ಕೆ ಪಾಳಿ ಮುಗಿಸಿ ಹೊರಟವನ ಮೊಬೈಲಿನಲ್ಲಿ ಚಾರ್ಜು ಇರುತ್ತದೆಂದೂ ಹೇಳಲಾಗದು. ಕಂಬದ ಮೇಲಿನ ಹಲಗೆಗೆ ಈ ತಾಪತ್ರಯ ಯಾವುದೂ ಇಲ್ಲ.

ಪುಣೆಯ ಹಳೆಯ ಪೇಠೆಗಳಲ್ಲಿ ಇಂಥ ಹಲಗೆ ಬೇಕಾಗಿಯೇ ಇರಲಿಲ್ಲ. ಅಲ್ಲಿ ದೇವರೇ ದಾರಿಯ ಗುರುತು. ಜಿಲಬ್ಯಾ ಮಾರುತಿಯ ಹತ್ತಿರ ಎಡಕ್ಕೆ, ಪಾಸೋಡ್ಯಾ ವಿಠೋಬಾನ ಎದುರು, ಖುನ್ಯಾ ಮುರಲೀಧರನ ಹಿಂದೆ, ಹೀಗೆ ಮನೆ ಅಂಗಡಿಗಳ ವಿಳಾಸವನ್ನು ಗುಡಿಗಳ ಮೇಲೆಯೇ ಹೇಳುವ ಪದ್ಧತಿ. ಜಿಲೇಬಿಯನ್ನೂ ಪಾಸೋಡಿಯನ್ನೂ ದೇವರ ಹೆಸರಿಗೆ ಸೇರಿಸಿಕೊಂಡ ಊರು ಬೇರೆಲ್ಲಿಯೂ ಸಿಕ್ಕಲಾರದು. ಕ್ಯಾಂಪಿನಲ್ಲಿ 1867ರಲ್ಲಿ ಮುಗಿದ ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ಅದರ ಕೆಂಪು ಇಟ್ಟಿಗೆ ನೋಡಿ ಜನ ಇಟ್ಟ ಹೆಸರು ‘ಲಾಲ ದೇವಳ’. ಅದರ ನಿಜವಾದ ಹೆಸರು ತಿಳಿಯದವನೂ ರಿಕ್ಷಾದವನಿಗೆ ಲಾಲ ದೇವಳ ಎಂದರೆ ಸರಿಯಾಗಿ ಮುಟ್ಟುತ್ತಾನೆ. ಆದರೆ ಇದೆಲ್ಲ ಊರು ಬಲ್ಲವರ ಅನುಕೂಲ. ಜಿಲಬ್ಯಾ ಮಾರುತಿ ಎಲ್ಲಿ ಎಂದು ಗೊತ್ತಿರುವವನಿಗೆ ಮಾತ್ರ ಆ ಗುರುತು ಗುರುತಾಗುತ್ತದೆ. ಊರು ಹಡಪಸರ, ವಾಘೋಲಿ, ಚಾಕಣಗಳತ್ತ ಬೆಳೆದು, ಬೀದಿಯಲ್ಲಿ ಕೇಳಲು ಮನುಷ್ಯರೇ ನಿಲ್ಲದ ದೊಡ್ಡ ರಸ್ತೆಗಳಾದ ಮೇಲೆ ಹಲಗೆಯ ಅಗತ್ಯ ಬಂತು. ಹಲಗೆಯ ಜೊತೆಗೆ ಅದರ ಕಾಯದೆಯೂ ಬಂತು.

ಈ ಕಾಯದೆಯನ್ನು ನಮ್ಮವರು ತಿಳಿದಿರಬೇಕು. ಕಾರಣ ಇಷ್ಟೇ. ಶಹರದ ಅಂಚಿನ ಒಂದು ವಸಾಹತಿನಲ್ಲಿ ನಮ್ಮ ಕಡೆಯ ಜನ ಒಂದು ಚಿಕ್ಕ ಗುಡಿ ಕಟ್ಟಿಕೊಂಡಿದ್ದರು. ದೂರದಿಂದ ಬರುವ ಭಕ್ತರಿಗೆ ದಾರಿ ತಿಳಿಯಲೆಂದು ಮನೆಗೊಬ್ಬರಂತೆ ಒಂದೊಂದು ದಿನದ ಪಗಾರವನ್ನು ಪಟ್ಟಿ ಕೊಟ್ಟು, ದೊಡ್ಡ ರಸ್ತೆಯ ತಿರುವಿನಲ್ಲಿ ಕಬ್ಬಿಣದ ಚೌಕಟ್ಟಿನ ಒಂದು ಬೋರ್ಡು ನಿಲ್ಲಿಸಿದರು. ದೇವರ ಚಿತ್ರ, ಬಾಣದ ಗುರುತು, ಕೆಳಗೆ ಪಟ್ಟಿ ಕೊಟ್ಟವರೆಲ್ಲರ ಹೆಸರು. ಕೆಲವೇ ದಿನಗಳಲ್ಲಿ ಅದನ್ನು ಕಿತ್ತು ಲಾರಿಯಲ್ಲಿ ಹೇರಿಕೊಂಡು ಹೋದರು. ‘ನಮ್ಮ ದೇವರೆಂದು ಹೀಗೆ ಮಾಡಿದರು’ ಎಂದು ಜನಕ್ಕೆ ನೋವಾಯಿತು. ನೋವು ಸಹಜ. ಆದರೆ ಕಾರಣ ದೇವರಾಗಿರಲಿಲ್ಲ. ಮುಂದೆ ಕಡಿದಾದ ತಿರುವು ಇದೆಯೆಂದು ಎಚ್ಚರಿಸುವ ತ್ರಿಕೋನ ಹಲಗೆಯೊಂದು ಆ ಬೋರ್ಡಿನ ಹಿಂದೆ ಪೂರ್ತಿ ಮುಚ್ಚಿಹೋಗಿತ್ತು.

ರಸ್ತೆಯ ಹಲಗೆಗಳಿಗೆ ಆಧಾರ 1988ರ ಮೋಟಾರು ವಾಹನಗಳ ಕಾಯದೆ. ಅದರ 116ನೆಯ ಕಲಮಿನ ಪ್ರಕಾರ ಸಂಚಾರದ ಹಲಗೆ ನಿಲ್ಲಿಸುವ ಅಧಿಕಾರ ರಾಜ್ಯ ಸರಕಾರಕ್ಕೆ, ಇಲ್ಲವೆ ಸರಕಾರ ಅಧಿಕಾರ ಕೊಟ್ಟ ಸಂಸ್ಥೆಗೆ ಇದೆ. ರಾಷ್ಟ್ರೀಯ ಹೆದ್ದಾರಿಗಳ ಮೇಲೆ ಹೆದ್ದಾರಿ ಪ್ರಾಧಿಕಾರಕ್ಕೂ ಈ ಅಧಿಕಾರವನ್ನು 2019ರ ತಿದ್ದುಪಡಿ ಕೊಟ್ಟಿತು. ಇವರನ್ನು ಬಿಟ್ಟು ಬೇರೆ ಯಾರೂ ರಸ್ತೆಯ ಮೇಲಾಗಲಿ ರಸ್ತೆಯ ಹತ್ತಿರವಾಗಲಿ ಸಂಚಾರದ ಹಲಗೆ ನಿಲ್ಲಿಸತಕ್ಕದ್ದಲ್ಲ. ನಿಜವಾದ ಹಲಗೆಯನ್ನು ಮರೆಮಾಡುವ, ಅದರಂತೆಯೇ ಕಂಡು ದಾರಿ ತಪ್ಪಿಸುವ, ಇಲ್ಲವೆ ಚಾಲಕನ ಗಮನ ಸೆಳೆಯುವ ಯಾವ ಬೋರ್ಡನ್ನಾದರೂ ತೆಗೆಸುವ ಅಧಿಕಾರವನ್ನು ಸರಕಾರ ಪೋಲೀಸು ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ ಕೊಡಬಹುದು. ಗುಡಿಯ ಬೋರ್ಡು, ಸಿನಿಮಾದ ಬೋರ್ಡು, ಪುಢಾರಿಯ ಹುಟ್ಟುಹಬ್ಬದ ಬೋರ್ಡು ಎಂಬ ಭೇದವನ್ನು ಕಾಯದೆ ಮಾಡಿಲ್ಲ. (ಹುಟ್ಟುಹಬ್ಬದ ಬೋರ್ಡುಗಳು ಉಳಿದುಕೊಂಡು ಬಡವರ ಬೋರ್ಡು ಮಾತ್ರ ಮೊದಲು ಹೋಗುತ್ತದೆ ಎಂಬ ಆಕ್ಷೇಪ ವಾಚನಾಲಯದಲ್ಲಿ ಕೇಳಿಬರುತ್ತದೆ. ಅದು ಕಾಯದೆಯ ದೋಷವಲ್ಲ, ಜಾರಿಯ ದೋಷ. ಅನಧಿಕೃತ ಫಲಕಗಳನ್ನೆಲ್ಲ ತೆಗೆಯಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯ 2017ರಲ್ಲಿ ಆಜ್ಞೆ ಮಾಡಿದೆ.)

ಇದು ನಮ್ಮ ದೇಶದ ಹಟವೂ ಅಲ್ಲ. ರಸ್ತೆ ಸಂಕೇತಗಳ ಬಗ್ಗೆ 1968ರಲ್ಲಿ ವಿಯೆನ್ನಾದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ 1980ರಲ್ಲಿ ಅದನ್ನು ಸೇರಿತು. ಸಂಚಾರದ ಹಲಗೆಯೆಂದು ಭ್ರಮೆ ಹುಟ್ಟಿಸುವ, ಅಥವಾ ಅದನ್ನು ಮಂಕುಮಾಡುವ ಬೋರ್ಡುಗಳನ್ನು ನಿಷೇಧಿಸಬೇಕೆಂಬುದು ಆ ಒಪ್ಪಂದದ ಆರಂಭದ ಕಲಮುಗಳಲ್ಲಿಯೇ ಇದೆ.

ಇಷ್ಟು ಬಿಗಿ ಏಕೆ ಎಂಬುದನ್ನು ನಾವೇ ಲೆಕ್ಕ ಹಾಕಿ ನೋಡಬಹುದು. ಲೆಕ್ಕ ಬರೆಯುವುದೇ ನನ್ನ ಕಸುಬು. ಗಂಟೆಗೆ 60 ಕಿಲೋಮೀಟರು ವೇಗವೆಂದರೆ ನಿಮಿಷಕ್ಕೆ 1 ಕಿಲೋಮೀಟರು, ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರು. ಚಾಲಕ ಮೂರು ಸೆಕೆಂಡು ಹಲಗೆ ಓದಿದರೆ ಅವನ ಗಾಡಿ 50 ಮೀಟರು ಓಡಿರುತ್ತದೆ. ಮೂರು ಸೆಕೆಂಡಿನಲ್ಲಿ ಒಂದು ಊರಿನ ಹೆಸರು, ಒಂದು ಬಾಣ, ಒಂದು ಅಂಕಿ ಓದಬಹುದು. ಹದಿನೆಂಟು ಜನ ದಾನಿಗಳ ಹೆಸರು ಓದಲಿಕ್ಕಾಗದು. ಓದಲು ಹೊರಟರೆ ಆ 50 ಮೀಟರಿನಲ್ಲಿ ರಸ್ತೆ ದಾಟುತ್ತಿರುವವನು ನಮ್ಮದೇ ಚಾಳಿನ ಹುಡುಗನಾಗಿರಬಹುದು. ಹಲಗೆಯ ಮಾತು ಕಡಿಮೆಯಿರಬೇಕು, ಅದರ ಜಾಗ ಮೊದಲೇ ಗೊತ್ತಿರಬೇಕು, ಆಕಾರವೂ ಬಣ್ಣವೂ ಎಲ್ಲೆಡೆಯೂ ಒಂದೇ ಇರಬೇಕು ಎಂಬುದು ಈ ಲೆಕ್ಕದಿಂದಲೇ ಹುಟ್ಟಿದ್ದು.

ಮುಖ್ಯ ಆಕಾರಗಳು ಮೂರು. ದುಂಡಗಿನದು ಆಜ್ಞೆ: ವೇಗದ ಮಿತಿ, ಪ್ರವೇಶವಿಲ್ಲ, ಹಾರ್ನು ಊದಬಾರದು ಇತ್ಯಾದಿ. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ. ಆಯತ ಮಾಹಿತಿ, ಗುಡಿಯ ದಾರಿ ತೋರುವ ಹಲಗೆ ಈ ಮೂರನೆಯ ಪಂಗಡದ್ದು. ಹೆದ್ದಾರಿಯ ಮೇಲೆ ಊರಿನ ದಿಕ್ಕು ತೋರುವ ಹಲಗೆಗೆ ಹಸಿರು ನೆಲ, ಬಿಳಿ ಅಕ್ಷರ. ಆಸ್ಪತ್ರೆ, ಪೆಟ್ರೋಲು, ಊಟದ ಸ್ಥಳ ಇವುಗಳಿಗೆ ನೀಲಿ ಹಲಗೆಯ ನಡುವೆ ಬಿಳಿ ಚೌಕ, ಅದರೊಳಗೆ ಕಪ್ಪು ಚಿತ್ರ. ಪ್ರವಾಸಿಗಳು ನೋಡಲು ಹೋಗುವ ತಾಣಗಳಿಗೆ ಕಂದು ನೆಲ, ಬಿಳಿ ಅಕ್ಷರ. ಈ ಕಂದು ಬಣ್ಣ ಹೊರದೇಶಗಳಲ್ಲಿಯೂ ಇದೇ ಕೆಲಸಕ್ಕೆ ಬಳಕೆಯಲ್ಲಿದೆ. ಪ್ರಸಿದ್ಧ ಗುಡಿಯಾಗಲಿ ದರ್ಗಾ ಆಗಲಿ ಈ ಬಣ್ಣದ ಹಲಗೆಯ ಮೇಲೆ ಬರುವುದು ಹೊರಗಿನ ಜನ ಹುಡುಕಿಕೊಂಡು ಬರುವ ಸ್ಥಳವೆಂಬ ಲೆಕ್ಕದಿಂದ.

ಈ ವಿವರಗಳನ್ನೆಲ್ಲ ಒಂದು ಸಂಹಿತೆಯಾಗಿ ಬರೆದವರು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಇಂಜಿನಿಯರರ ಸಂಸ್ಥೆಯವರು. ಅವರ 67ನೆಯ ಸಂಹಿತೆ ರಸ್ತೆ ಹಲಗೆಗಳದು. ಮೊದಲು 1977ರಲ್ಲಿ ಹೊರಬಂದು ಹಲವು ಸಲ ಪರಿಷ್ಕಾರವಾಗಿ 2022ರಲ್ಲಿ ಮತ್ತೆ ಅಚ್ಚಾಗಿದೆ. ಸಂಸ್ಥೆ ಹುಟ್ಟಿದ್ದು 1934ರಲ್ಲಿ. ಅದಕ್ಕೆ ಕಾರಣವಾದದ್ದು ದೇಶದ ರಸ್ತೆಗಳ ಸ್ಥಿತಿ ನೋಡಲು 1927ರಲ್ಲಿ ನೇಮಕವಾದ ಸಮಿತಿ, ಅದರ ಅಧ್ಯಕ್ಷರು ಎಂ. ಆರ್. ಜಯಕರ. ಮುಂದೆ ಪುಣೆ ವಿಶ್ವವಿದ್ಯಾಲಯದ ಮೊದಲನೆಯ ಕುಲಪತಿಗಳಾದವರು ಇವರೇ. ಅಲ್ಲಿಯ ಗ್ರಂಥಾಲಯಕ್ಕೆ ಅವರದೇ ಹೆಸರಿದೆ. ಗಣೇಶಖಿಂಡ ರಸ್ತೆಯಲ್ಲಿ ಹೋಗುವಾಗ, ಕಾಣುವ ಪ್ರತಿಯೊಂದು ಹಲಗೆಯ ಹಿಂದೆ ಆ ಹಿರಿಯರ ಕೈಯೂ ಸ್ವಲ್ಪ ಇದೆಯೆಂದು ನೆನೆಯಬಹುದು.

ಯಾವ ಗುಡಿಗೆ ಹಲಗೆ ಸಿಗುತ್ತದೆ, ಯಾವುದಕ್ಕೆ ಇಲ್ಲ? ಇದೇ ನಮ್ಮವರ ಮುಖ್ಯ ಪ್ರಶ್ನೆ. ಹಲಗೆ ದೇವರಿಗೆ ಕೊಡುವ ಮರ್ಯಾದೆಯಲ್ಲ. ದಾರಿ ಗೊತ್ತಿಲ್ಲದವನಿಗೆ ಕೊಡುವ ಉತ್ತರ. ಹೀಗಾಗಿ ದೇವರು ಎಷ್ಟು ಜಾಗೃತ, ಗುಡಿ ಎಷ್ಟು ಹಳೆಯದು ಎಂದು ಅರ್ಜಿಯಲ್ಲಿ ನಾಲ್ಕು ಪುಟ ಬರೆದರೂ ಇಂಜಿನಿಯರನಿಗೆ ಅದರಿಂದ ಪ್ರಯೋಜನವಿಲ್ಲ. ಹೊರಗಿನಿಂದ ಎಷ್ಟು ಗಾಡಿ ಬರುತ್ತವೆ, ಎಲ್ಲಿ ದಾರಿ ತಪ್ಪುತ್ತಾರೆ, ತಪ್ಪಿದವರು ಎಲ್ಲಿ ಹಿಂದಿರುಗಿಸಿ ಸಂಚಾರ ಕೆಡಿಸುತ್ತಾರೆ, ಗಾಡಿ ನಿಲ್ಲಿಸಲು ಜಾಗವಿದೆಯೇ ಎಂಬುದು ಅವನಿಗೆ ಬೇಕು. ಓಣಿಯ ಜನರಷ್ಟೇ ನಡೆದುಕೊಂಡು ಬರುವ ಗುಡಿಗೆ ಹಲಗೆ ಬೇಕಿಲ್ಲ. ಈ ಅಳತೆಗೋಲು ಗುಡಿ, ಬಸದಿ, ಮಸೀದಿ, ಇಗರ್ಜಿ, ಗುರುದ್ವಾರ ಎಲ್ಲಕ್ಕೂ ಒಂದೇ ಆಗಿರಬೇಕು. ಒಂದಕ್ಕೆ ಮೊಳ, ಇನ್ನೊಂದಕ್ಕೆ ಗೇಣು ಹಿಡಿದರೆ ಅಲ್ಲಿ ಅವಶ್ಯವಾಗಿ ಪ್ರಶ್ನೆ ಕೇಳಬೇಕು.

ಭಕ್ತರ ಸಂಖ್ಯೆಯೇ ರಸ್ತೆಯ ರೂಪವನ್ನು ಬದಲಿಸಿದ ಉದಾಹರಣೆ ನಮ್ಮ ಮಗ್ಗುಲಲ್ಲಿಯೇ ಇದೆ. ಆಳಂದಿಯಿಂದಲೂ ದೇಹುವಿನಿಂದಲೂ ಪಂಢರಪುರಕ್ಕೆ ಪ್ರತಿ ಆಷಾಢಕ್ಕೆ ಪಾಲಖಿಗಳು ಹೋಗುತ್ತವೆ. ಕನ್ನಡ ನಾಡಿನಿಂದಲೂ ಜನ ಬಂದು ಕೂಡಿಕೊಳ್ಳುತ್ತಾರೆ. ದಿವೆ ಘಾಟು, ಸಾಸವಡ, ಜೇಜುರಿ, ಲೋಣಂದ, ಫಲಟಣದ ಮೇಲೆ ಹೋಗುವ ದಾರಿ ರಾಷ್ಟ್ರೀಯ ಹೆದ್ದಾರಿ 965, ಸಂತ ಜ್ಞಾನೇಶ್ವರ ಮಹಾರಾಜ ಪಾಲಖಿ ಮಾರ್ಗ. ಪಾಟಸ, ಬಾರಾಮತಿ, ಇಂದಾಪುರದ ಮೇಲಿನದು 965–ಜಿ, ಸಂತ ತುಕಾರಾಮ ಮಹಾರಾಜ ಪಾಲಖಿ ಮಾರ್ಗ. 2021ರ ನವೆಂಬರ 8ರಂದು ಇವುಗಳನ್ನು ನಾಲ್ಕು ಪಥಗಳಾಗಿ ಮಾಡುವ ಕೆಲಸಕ್ಕೆ ಅಡಿಗಲ್ಲು ಬಿತ್ತು. ಯೋಜನೆಯಲ್ಲಿ ಇಕ್ಕೆಲಗಳಲ್ಲೂ ವಾರಕರಿಗಳು ನಡೆಯುವ ಪ್ರತ್ಯೇಕ ದಾರಿ ಸೇರಿದೆ. ನಮ್ಮವರು ಮೈಲಾರ, ಮಲ್ಲಯ್ಯ ಎಂದು ಭಜಿಸುವ ಖಂಡೋಬನ ಜೇಜುರಿ ಇದೇ 965ರ ಮೇಲಿದೆ. ಹೆದ್ದಾರಿಯ ಹೆಸರೇ ಸಂತರದಾದರೂ ಅದರ ಹಲಗೆಗಳು ಉಳಿದ ಹೆದ್ದಾರಿಗಳ ನಿಯಮಕ್ಕೇ ಒಳಪಟ್ಟಿವೆ.

ಕಂಬದ ಬುಡದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಗುಡಿಯ ಬೋರ್ಡಿಗೆ ಮೊದಲು ಒಂದು ಹಾರ ಬೀಳುತ್ತದೆ, ಆಮೇಲೆ ಕಂಬಕ್ಕೆ ಕುಂಕುಮ, ಆಮೇಲೆ ಬುಡದಲ್ಲಿ ನಾಲ್ಕು ಇಟ್ಟಿಗೆ, ಒಂದು ಫೋಟೋ, ಒಂದು ಹುಂಡಿ. ದಾರಿ ತೋರಬೇಕಾದದ್ದು ತಾನೇ ಗುಡಿಯಾಗಿ ದಾರಿಗೆ ಅಡ್ಡ ನಿಲ್ಲುತ್ತದೆ. ಸರ್ವೋಚ್ಚ ನ್ಯಾಯಾಲಯ 2009ರ ಸಪ್ಟೆಂಬರ 29ರಂದು ಮಾಡಿದ ಆಜ್ಞೆಯ ಪ್ರಕಾರ ಸಾರ್ವಜನಿಕ ರಸ್ತೆ, ಉದ್ಯಾನ ಮೊದಲಾದ ಸ್ಥಳಗಳಲ್ಲಿ ಗುಡಿ, ಇಗರ್ಜಿ, ಮಸೀದಿ, ಗುರುದ್ವಾರ ಯಾವುದರ ಹೆಸರಿನಲ್ಲಿಯೂ ಅನಧಿಕೃತ ಕಟ್ಟಡ ಏಳಲು ಬಿಡಕೂಡದು. ಭಕ್ತಿಯಿಂದಲೇ ಇಟ್ಟ ನಾಲ್ಕು ಇಟ್ಟಿಗೆ ಮುಂದೆ ಇಡೀ ಹಲಗೆಗೇ ಮುಳುವಾಗಬಹುದು.

ಇನ್ನು ಭಾಷೆ. ಹಲಗೆಯ ಮೇಲೆ ಕನ್ನಡವೂ ಇರಲಿ ಎಂಬ ಆಸೆ ನಮ್ಮಲ್ಲಿ ಯಾರಿಗಿಲ್ಲ? ಅಕ್ಕಲಕೋಟೆ, ಜತ್ತಗಳಂಥ ತಾಲೂಕುಗಳಲ್ಲಿ ಮನೆಮನೆಯಲ್ಲಿ ಕನ್ನಡವಿದೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಕನ್ನಡ ನಾಡಿನಿಂದ ಜನ ಬರುತ್ತಾರೆ. ಅದೇ ಪ್ರಕಾರ ಗಾಣಗಾಪುರಕ್ಕೆ ಹೋಗುವ ಮರಾಠಿಗನೂ ಅಲ್ಲಿಯ ಹಲಗೆಯ ಮೇಲೆ ತನ್ನ ಲಿಪಿಯನ್ನು ಹುಡುಕುತ್ತಾನೆ. ಈ ಬಗ್ಗೆ 116ನೆಯ ಕಲಮಿನಲ್ಲಿಯೇ ಒಂದು ಬಾಗಿಲು ಇದೆ: ಹಲಗೆಯ ಮೇಲಿನ ಶಬ್ದ ಅಂಕಿಗಳನ್ನು ರಾಜ್ಯ ಸರಕಾರ ತನಗೆ ಯೋಗ್ಯವೆಂದು ತೋರಿದ ಲಿಪಿಯಲ್ಲಿಯೂ ಬರೆಸಬಹುದು, ಆ ಬರಹ ಮೂಲದ್ದರಷ್ಟೇ ಗಾತ್ರದಲ್ಲಿ, ಅದೇ ಬಣ್ಣದಲ್ಲಿ ಇರಬೇಕು. ಬಾಗಿಲು ಇದೆ, ಕೀಲಿ ಸರಕಾರದ ಹತ್ತಿರ ಇದೆ.

ಮಹಾರಾಷ್ಟ್ರದಲ್ಲಿ ಸ್ಥಳೀಯ ಸಂಸ್ಥೆಗಳ ವ್ಯವಹಾರ ಮರಾಠಿಯಲ್ಲಿರಬೇಕೆಂದು 2022ರ ಕಾಯದೆ ಹೇಳುತ್ತದೆ. ಅದರ ಆಧಾರದ ಮೇಲೆ ಅಕೋಲಾ ಜಿಲ್ಲೆಯ ಪಾತೂರ ನಗರ ಪರಿಷತ್ತಿನ ನಾಮಫಲಕದಲ್ಲಿ ಮರಾಠಿಯ ಕೆಳಗಿದ್ದ ಉರ್ದುವನ್ನು ತೆಗೆಸಬೇಕೆಂದು ತಕರಾರು ಹೋಯಿತು. 2025ರ ಏಪ್ರಿಲ 15ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಸುಧಾಂಶು ಧೂಲಿಯಾ, ನ್ಯಾಯಮೂರ್ತಿ ಕೆ. ವಿನೋದ್ ಚಂದ್ರನ್ ಇವರು ಆ ತಕರಾರನ್ನು ತಳ್ಳಿಹಾಕಿದರು. ಮರಾಠಿ ಇರಲೇಬೇಕು, ಅದರ ಜೊತೆಗೆ ಇನ್ನೊಂದು ಭಾಷೆ ಬರೆಯಬಾರದೆಂದು ಕಾಯದೆಯಲ್ಲಿ ಎಲ್ಲಿಯೂ ಇಲ್ಲ, ಭಾಷೆಯನ್ನು ಧರ್ಮಕ್ಕೆ ಕಟ್ಟಬಾರದು ಎಂಬುದು ಆ ತೀರ್ಪಿನ ತಾತ್ಪರ್ಯ. ಇದರಿಂದ ಪುಣೆಯ ರಸ್ತೆಗಳ ಮೇಲೆ ಕನ್ನಡ ಬರೆಯಿರೆಂದು ಹಕ್ಕಿನಿಂದ ಕೇಳುವಂತಾಯಿತೆಂದು ಯಾರೂ ತಿಳಿಯಬಾರದು. ಬರೆದರೆ ಅಪರಾಧವಲ್ಲ ಎಂಬಷ್ಟೇ ಅದರಿಂದ ಸಿದ್ಧವಾಯಿತು. ನನ್ನ ಅಭಿಪ್ರಾಯದಲ್ಲಿ ದಿಕ್ಕು ಹಲಗೆಯ ಮೇಲೆ ಲಿಪಿಗಳನ್ನು ಹೆಚ್ಚಿಸುವುದಕ್ಕಿಂತ ನಮ್ಮ ಹುಡುಗರು ದೇವನಾಗರಿಯ ಹತ್ತು ಅಂಕಿಗಳನ್ನೂ ಐವತ್ತು ಅಕ್ಷರಗಳನ್ನೂ ಮೊದಲ ತಿಂಗಳಲ್ಲಿಯೇ ಕಲಿಯುವುದು ಒಳ್ಳೆಯದು. ಮೂರು ಸೆಕೆಂಡಿನ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ. ನಮ್ಮ ಗುಡಿಯ ಸ್ವಂತ ಗೋಡೆಯ ಮೇಲೆ, ನಮ್ಮ ಸಂಘದ ಬಾಗಿಲ ಮೇಲೆ ಮರಾಠಿಯ ಜೊತೆಗೆ ಕನ್ನಡವನ್ನು ಅಂದವಾಗಿ ಬರೆಯಿಸೋಣ. ಅಲ್ಲಿ ಓದುವವನು ನಿಂತು ಓದುತ್ತಾನೆ.

ಹಲಗೆ ನಿಜವಾಗಿಯೂ ಬೇಕಾಗಿದ್ದರೆ ಮೊದಲು ರಸ್ತೆ ಯಾರದೆಂದು ಗೊತ್ತುಮಾಡಿಕೊಳ್ಳಬೇಕು. ಅರ್ಧ ಅರ್ಜಿಗಳು ತಪ್ಪು ಕಚೇರಿಗೆ ಹೋಗಿಯೇ ಕೊಳೆಯುತ್ತವೆ. ಪುಣೆ ಶಹರದೊಳಗಿನ ರಸ್ತೆಯಾದರೆ ಪುಣೆ ಮಹಾನಗರಪಾಲಿಕೆಯ ರಸ್ತೆ ವಿಭಾಗ. ಪಿಂಪರಿ, ಚಿಂಚವಡ, ಭೋಸರಿಗಳ ಕಡೆಯಾದರೆ ಅಲ್ಲಿಯ ಮಹಾನಗರಪಾಲಿಕೆ, ಅದು ಬೇರೆ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ. ರಾಷ್ಟ್ರೀಯ ಹೆದ್ದಾರಿಯ ಜಾಗದಲ್ಲಿ ಪರವಾನಗಿಯಿಲ್ಲದೆ ಏನನ್ನಾದರೂ ನಿಲ್ಲಿಸುವುದನ್ನು 2002ರ ಪ್ರತ್ಯೇಕ ಕಾಯದೆಯೊಂದು ತಡೆಯುತ್ತದೆ. ಅಲ್ಲಿ ಹೆದ್ದಾರಿ ಆಡಳಿತವನ್ನೇ ಕೇಳಬೇಕು. ಕಿಲೋಮೀಟರು ಕಲ್ಲಿನ ತಲೆ ನೋಡಿದರೆ ಗುರುತು ಸಿಗುತ್ತದೆ: ಹಳದಿ ತಲೆ ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆ ರಾಜ್ಯ ಹೆದ್ದಾರಿಯದು.

ಅರ್ಜಿ ಮರಾಠಿಯಲ್ಲಿ, ಒಂದೇ ಪುಟದಲ್ಲಿ ಇರಲಿ. ತಿರುವಿನ ಕೈನಕ್ಷೆ, ಎರಡು ಫೋಟೋ, ದೂರ ಎಷ್ಟು ಮೀಟರು, ಯಾವ ದಿನ ಎಷ್ಟು ಗಾಡಿ ಬಂದವೆಂಬ ಎಣಿಕೆ, ಇಷ್ಟು ಸಾಕು. ಒಂದು ತಿಂಗಳ ಎಲ್ಲ ಭಾನುವಾರ ತಿರುವಿನಲ್ಲಿ ಕೂತು ಗೆರೆ ಎಳೆದು ಎಣಿಸಿದರೆ ಆ ಎಣಿಕೆಗೆ ಇರುವ ತೂಕ ನೂರು ಸಹಿಗಳಿಗೆ ಇಲ್ಲ. ಅರ್ಜಿ ಕೊಟ್ಟಾಗ ನಕಲಿನ ಮೇಲೆ ಆವಕದ ಶಿಕ್ಕಾ ಹಾಕಿಸಿಕೊಳ್ಳಲು ಮರೆಯಬಾರದು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯದೆಯ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ, ಆವಕದ ಸಂಖ್ಯೆ ಹಾಕಿ, ಅರ್ಜಿಯ ಮೇಲೆ ಏನು ನಡೆಯಿತೆಂದು ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ದಾರಿದ್ರ್ಯರೇಖೆಯ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಇಲ್ಲ. ಜಾತ್ರೆಯ ನಾಲ್ಕು ದಿನಕ್ಕೆ ಹಾಕುವ ತಾತ್ಪೂರ್ತಿಕ ಕಮಾನು, ಬ್ಯಾನರುಗಳಿಗೂ ಪಾಲಿಕೆಯ ಪರವಾನಗಿ ಬೇಕು. ಕಮಾನು ಕಟ್ಟುವವರು ತಂತಿಯನ್ನು ಸಿಗ್ನಲಿನ ಕಂಬಕ್ಕೆ ಬಿಗಿಯಬಾರದು, ಮರಕ್ಕೆ ಮೊಳೆ ಹೊಡೆಯಬಾರದು.

ಟೆಂಪೋ, ರಿಕ್ಷಾ ನಡೆಸುವ ಬಂಧುಗಳಿಗೆ ಒಂದು ಮಾತು. ನಿಮ್ಮ ಗಾಡಿ ಅಕಸ್ಮಾತ್ತಾಗಿ ತಾಗಿ ಹಲಗೆಯ ಕಂಬ ಬಿದ್ದು ಹಲಗೆ ನಿರುಪಯೋಗಿಯಾದರೆ, ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ, ಪೋಲೀಸರಿಗೆ ತಿಳಿಸಬೇಕೆಂದು ಅದೇ 116ನೆಯ ಕಲಮು ಹೇಳುತ್ತದೆ. ಬೇಕೆಂದು ಕೀಳುವುದು, ತಿರುಗಿಸುವುದು, ಅದರ ಮೇಲೆ ಚೀಟಿ ಅಂಟಿಸಿ ಕೆಡಿಸುವುದು ಅಪರಾಧ. ಬಿದ್ದ ಹಲಗೆಯನ್ನು ನಾವೇ ಎತ್ತಿ ಅಂದಾಜಿನ ಮೇಲೆ ನಿಲ್ಲಿಸಿ ಹೋಗುವುದೂ ಬೇಡ. ಬಾಣ ಯಾವ ಕಡೆ ಇತ್ತೆಂದು ನಮಗೆ ನೆನಪಿಲ್ಲದಿದ್ದರೆ ದೇವಾಚಿ ಆಳಂದಿಗೆ ಹೊರಟವನು ಇನ್ನೊಂದರಲ್ಲಿ ಇಳಿಯುತ್ತಾನೆ.

ಮರಾಠಿ ಅರ್ಜಿಯ ಒಂದು ಮಾದರಿಯನ್ನು ಬರೆದು ವಾಚನಾಲಯದ ಪತ್ರಿಕೆಗಳ ಮೇಜಿನ ಮೇಲೆ, ಹಸಿರು ಕಡತದಲ್ಲಿ ಇಟ್ಟಿದ್ದೇನೆ. ಬೇಕಾದವರು ಅಲ್ಲಿಯೇ ಕೂತು ನಕಲು ಮಾಡಿಕೊಳ್ಳಬಹುದು. ಕಡತವನ್ನು ಮನೆಗೆ ಒಯ್ಯಬಾರದು.